ಸೀರಮ್ ಶೀಶೆಯೊಳಗಿನ ಇತಿಹಾಸ



ಇತಿಹಾಸ ಎಂದ ಕೂಡಲೆ ನಮ್ಮ ಮಕ್ಕಳಿಗೆ ರಾಜರು, ಯುದ್ಧಗಳು, ಇಸವಿಗಳು ನೆನಪಾಗುತ್ತವೆ. ಅದರಲ್ಲಿ ತಪ್ಪೇನಿಲ್ಲ, ಪರೀಕ್ಷೆಯಲ್ಲಿ ಕೇಳುವುದೂ ಅದನ್ನೇ. ಆದರೆ ಈ ಸಲ ನಾವು ಬರೆಯಹೊರಟಿರುವುದು ಮೂವತ್ತು ಮಿಲಿಲೀಟರಿನ ಒಂದು ಪುಟ್ಟ ಗಾಜಿನ ಶೀಶೆಯ ಇತಿಹಾಸ. ಮುಖಕ್ಕೆ ಹಚ್ಚುವ ಸೀರಮ್! ಒಂಬತ್ತನೆಯ, ಹತ್ತನೆಯ ಇಯತ್ತೆಯ ಹುಡುಗಿಯರು (ಹುಡುಗರೂ ಹೌದು, ಅವರು ಹೇಳುವುದಿಲ್ಲ ಅಷ್ಟೆ) ಇಂದು ನಿಯಾಸಿನಮೈಡ್, ಹೈಲುರಾನಿಕ್ ಆಸಿಡ್, ರೆಟಿನಾಲ್ ಎಂಬ ಶಬ್ದಗಳನ್ನು ಮೊಬೈಲಿನಲ್ಲಿ ಕೇಳಿ ನಿರರ್ಗಳವಾಗಿ ಹೇಳುತ್ತಾರೆ. ಅದೇ ಮಕ್ಕಳಿಗೆ ವಿಜ್ಞಾನದ ಪುಸ್ತಕದ ‘ಜೀವಸತ್ವ ಬಿ3’ ಎಂದರೆ ಬಾಯಿಗೆ ಬರುವುದಿಲ್ಲ. ನಿಯಾಸಿನಮೈಡ್ ಎಂದರೂ ಅದೇ, ಬಿ3 ಎಂದರೂ ಅದೇ ಎಂಬುದನ್ನು ಅಂಗಡಿಯವನು ಹೇಳುವುದಿಲ್ಲ, ಜಾಹೀರಾತೂ ಹೇಳುವುದಿಲ್ಲ. ಹಾಗಾಗಿ ನಾವೇ ಹೇಳೋಣ ಎಂದುಕೊಂಡೆವು.

ಮೊದಲು ಶಬ್ದದಿಂದ ಶುರು ಮಾಡೋಣ, ನಾವು ಭಾಷೆ ಕಲಿಸುವವರಲ್ಲವೆ. ‘ಸೀರಮ್’ ಎಂಬುದು ಲ್ಯಾಟಿನ್ ಶಬ್ದ. ಅದರ ಮೂಲ ಅರ್ಥ ಹಾಲೊಡಕು, ಅಂದರೆ ಹಾಲು ಒಡೆದಾಗ ಗಟ್ಟಿ ಭಾಗದಿಂದ ಬೇರೆಯಾಗುವ ತಿಳಿನೀರು. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಭಾಗಕ್ಕೂ ಅದೇ ಹೆಸರು ಬಂತು. 1890ರ ದಶಕದಲ್ಲಿ ಜರ್ಮನಿಯ ಎಮಿಲ್ ಫಾನ್ ಬೇರಿಂಗ್ ಪ್ರಾಣಿಗಳ ರಕ್ತದ ಸೀರಮ್ಮಿನಿಂದ ಗಂಟಲಮಾರಿಗೆ ಔಷಧ ತಯಾರಿಸಿ, 1901ರಲ್ಲಿ ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಡೆದ. ಮಕ್ಕಳ ಜೀವ ಉಳಿಸಿದ ಆ ಶಬ್ದಕ್ಕೆ ಸಹಜವಾಗಿಯೇ ಒಂದು ಗೌರವ ಬಂದಿತ್ತು. ಸೌಂದರ್ಯ ಸಾಮಗ್ರಿಯವರು ಎತ್ತಿಕೊಂಡದ್ದು ಆ ಗೌರವವನ್ನು. ಮುಖದ ಸೀರಮ್ಮಿನಲ್ಲಿ ರಕ್ತವೂ ಇಲ್ಲ, ಹಾಲೊಡಕೂ ಇಲ್ಲ. ಹೆಚ್ಚಿನ ಭಾಗ ನೀರು, ಅದರಲ್ಲಿ ಕರಗಿಸಿದ ಒಂದೆರಡು ದ್ರವ್ಯಗಳು, ಕೆಡದಂತೆ ಇಡಲು ಇನ್ನೊಂದಿಷ್ಟು. ಕ್ರೀಮಿನಲ್ಲಿರುವ ಎಣ್ಣೆ-ಮೇಣದ ಅಂಶ ಇದರಲ್ಲಿ ಕಡಿಮೆ, ಹಾಗಾಗಿ ತೆಳ್ಳಗೆ ಹರಡುತ್ತದೆ. ವ್ಯತ್ಯಾಸ ಇಷ್ಟೇ.

ಮುಖಕ್ಕೆ ಲೇಪ ಹಚ್ಚುವುದು ಹೊಸದೇನಲ್ಲ. ನಮ್ಮ ಈ ಭಾಗವನ್ನೆಲ್ಲ ಆಳಿದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಸ್ನಾನಕ್ಕೆ, ವಿಲೇಪನಕ್ಕೆ ಪ್ರತ್ಯೇಕ ಭಾಗಗಳೇ ಇವೆ. ರಾಜನಿಗೆ ಋತುಮಾನಕ್ಕೆ ತಕ್ಕಂತೆ ಲೇಪ! ಇರಲಿ, ಅದು ಅರಮನೆಯ ಮಾತಾಯಿತು. ಇಂದಿನ ಶೀಶೆಯೊಳಗಿನ ದ್ರವ್ಯಗಳ ಕಥೆ ಅರಮನೆಯಿಂದ ಬಂದದ್ದಲ್ಲ. ಅದು ಬಡವರ ಗುಡಿಸಲಿನಿಂದ, ಅನಾಥಾಲಯದಿಂದ, ಜೈಲಿನಿಂದ ಬಂದದ್ದು. ಅದಕ್ಕೇ ಇದನ್ನು ಇತಿಹಾಸದ ಪಾಠವಾಗಿ ಹೇಳಬೇಕೆನಿಸಿತು.

ನಿಯಾಸಿನಮೈಡಿನಿಂದಲೇ ತೊಡಗೋಣ, ಏಕೆಂದರೆ ಇದರ ಕಥೆ ಸುತ್ತಿಬಳಸಿ ನಮ್ಮ ಜೋಳದ ರೊಟ್ಟಿಗೇ ಬಂದು ನಿಲ್ಲುತ್ತದೆ.

1735ರ ಸುಮಾರಿಗೆ ಸ್ಪೇನ್ ದೇಶದ ಅಸ್ತೂರಿಯಾಸ್ ಎಂಬಲ್ಲಿ ಗಾಸ್ಪಾರ್ ಕಾಸಾಲ್ ಎಂಬ ವೈದ್ಯ ಬಡ ರೈತರಲ್ಲಿ ಒಂದು ವಿಚಿತ್ರ ರೋಗವನ್ನು ಗುರುತಿಸಿದ. ಕೈ, ಕಾಲು, ಕುತ್ತಿಗೆ ಹೀಗೆ ಬಿಸಿಲು ತಾಗುವ ಕಡೆಯಲ್ಲೆಲ್ಲ ಚರ್ಮ ಮೊದಲು ಕೆಂಪಗಾಗಿ, ಆಮೇಲೆ ಕಪ್ಪಗೆ ಒರಟಾಗಿ, ಸಿಪ್ಪೆಯಂತೆ ಏಳುತ್ತಿತ್ತು. ಕುತ್ತಿಗೆಯ ಸುತ್ತ ಸರ ಹಾಕಿದಂತೆ ಕಾಣುವ ಆ ಗುರುತಿಗೆ ಇಂದಿಗೂ ವೈದ್ಯರು ‘ಕಾಸಾಲನ ಸರ’ ಎನ್ನುತ್ತಾರೆ. 1771ರಲ್ಲಿ ಇಟಲಿಯ ಫ್ರಾಪೊಲಿ ಎಂಬ ವೈದ್ಯ ಇದೇ ರೋಗವನ್ನು ವರ್ಣಿಸಿ ‘ಪೆಲ್ಲಾಗ್ರಾ’ ಎಂಬ ಹೆಸರು ಬಳಸಿದ. ಇಟಲಿಯ ಹಳ್ಳಿಯವರ ಮಾತಿನಲ್ಲಿ ಒರಟು ಚರ್ಮ ಎಂದರ್ಥ. ಚರ್ಮದಿಂದ ಶುರುವಾದದ್ದು ಹೊಟ್ಟೆಗೆ ಇಳಿಯುತ್ತಿತ್ತು, ಭೇದಿ ಹಿಡಿಯುತ್ತಿತ್ತು. ಆಮೇಲೆ ಬುದ್ಧಿಭ್ರಮಣೆ, ಕೊನೆಗೆ ಸಾವು.

ಈ ರೋಗ ಬಂದ ಊರುಗಳಿಗೆಲ್ಲ ಒಂದು ಸಾಮ್ಯವಿತ್ತು. ಅಲ್ಲಿಯವರು ಬರೀ ಗೋವಿನಜೋಳ ತಿಂದು ಬದುಕುತ್ತಿದ್ದರು. ಗೋವಿನಜೋಳ ಅಮೆರಿಕ ಖಂಡದ ಬೆಳೆ, ಕೊಲಂಬಸನ ಪ್ರಯಾಣದ ನಂತರವೇ ಅದು ಯುರೋಪಿಗೆ ಬಂದದ್ದು. ಹಾಗಾದರೆ ಸಾವಿರಾರು ವರ್ಷ ಅದನ್ನೇ ತಿಂದ ಮೆಕ್ಸಿಕೋದವರಿಗೆ ಈ ರೋಗ ಏಕೆ ಬರಲಿಲ್ಲ? ಗುಟ್ಟು ಸುಣ್ಣದಲ್ಲಿತ್ತು. ಅಲ್ಲಿಯ ಹೆಂಗಸರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ಆಮೇಲೆ ಅರೆಯುತ್ತಿದ್ದರು. ಕಾಳಿನಲ್ಲಿ ಬಿಗಿಯಾಗಿ ಕಟ್ಟಿಕೊಂಡಿರುವ ಬಿ3 ಜೀವಸತ್ವ ಸುಣ್ಣದಿಂದ ಬಿಡುಗಡೆಯಾಗಿ ಮೈಗೆ ಹತ್ತುತ್ತಿತ್ತು. ಯುರೋಪಿನವರು ಬೀಜ ತಂದರು, ಅಡಿಗೆ ಮಾಡುವ ಕ್ರಮವನ್ನು ಅಲ್ಲೇ ಬಿಟ್ಟು ಬಂದರು. ಒಂದು ಸಮಾಜದ ಬೆಳೆಯನ್ನು ತಂದು ಅದರ ಅಡಿಗೆಮನೆಯ ತಿಳಿವಳಿಕೆಯನ್ನು ಬಿಟ್ಟುಬಂದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮಗೆ ಗೊತ್ತಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲ್ಲಾಗ್ರಾ ಹಬ್ಬಿತು. 1906ರಿಂದ 1940ರವರೆಗೆ ಅಲ್ಲಿ ಸುಮಾರು ಮೂವತ್ತು ಲಕ್ಷ ಜನಕ್ಕೆ ರೋಗ ಬಂದು ಒಂದು ಲಕ್ಷ ಜನ ಸತ್ತರೆಂದು ಅಂದಾಜು. ಹತ್ತಿಯ ಹೊಲದಲ್ಲಿ ಪಾಲಿಗೆ ದುಡಿಯುವವರು, ಬಟ್ಟೆಗಿರಣಿಯ ಕೂಲಿಗಳು, ಕರಿಯರು, ಬಡ ಬಿಳಿಯರು. ಇದು ಅಂಟುರೋಗವೆಂದೇ ಹೆಚ್ಚಿನ ವೈದ್ಯರು ನಂಬಿದ್ದರು. 1914ರಲ್ಲಿ ಸರಕಾರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ತನಿಖೆಗೆ ಕಳಿಸಿತು. ಆತ ಅನಾಥಾಲಯ, ಹುಚ್ಚಾಸ್ಪತ್ರೆಗಳನ್ನು ಸುತ್ತಿದ. ಅಲ್ಲಿ ಕಂಡದ್ದು ಬಹಳ ಸಾದಾ ಸಂಗತಿ. ಒಳಗಿದ್ದವರಿಗೆ ರೋಗ ಬರುತ್ತಿತ್ತು, ಅವರ ಜೊತೆಗೇ ಇರುವ ನೌಕರರಿಗೆ ಬರುತ್ತಿರಲಿಲ್ಲ. ಅಂಟುರೋಗಕ್ಕೆ ನೌಕರ ಯಾರು, ಅನಾಥ ಯಾರು ಎಂದು ಗೊತ್ತಾಗುತ್ತದೆಯೆ? ವ್ಯತ್ಯಾಸ ಇದ್ದದ್ದು ತಾಟಿನಲ್ಲಿ. ಮಿಸಿಸಿಪಿಯ ಅನಾಥಾಲಯಗಳಲ್ಲಿ ಮಕ್ಕಳಿಗೆ ಹಾಲು, ತತ್ತಿ, ಮಾಂಸ, ಕಾಳುಗಳನ್ನು ಕೊಡಿಸಿದ. ರೋಗ ಮಾಯವಾಯಿತು.

ಆದರೂ ಜನ ನಂಬಲಿಲ್ಲ. 1915ರಲ್ಲಿ ಮಿಸಿಸಿಪಿಯ ರ‍್ಯಾಂಕಿನ್ ಜೈಲು ಹೊಲದಲ್ಲಿ ಶಿಕ್ಷೆ ಮಾಫಿಯ ಆಸೆಗೆ ಒಪ್ಪಿದ ಹನ್ನೆರಡು ಕೈದಿಗಳಿಗೆ ಗೋವಿನಜೋಳ, ಅಕ್ಕಿ, ಸಕ್ಕರೆ ಇಂಥದ್ದನ್ನೇ ತಿನ್ನಿಸಿದ. ಕೊನೆಯವರೆಗೆ ಉಳಿದ ಹನ್ನೊಂದು ಜನರಲ್ಲಿ ಆರು ಜನಕ್ಕೆ ಪೆಲ್ಲಾಗ್ರಾದ ಗುರುತು ಕಾಣಿಸಿತು. ಇನ್ನೂ ವಾದ ನಿಲ್ಲಲಿಲ್ಲ. 1916ರಲ್ಲಿ ಗೋಲ್ಡ್‌ಬರ್ಗರ್, ಆತನ ಹೆಂಡತಿ ಮೇರಿ, ಸಹೋದ್ಯೋಗಿಗಳು ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು. ರೋಗಿಗಳ ಚರ್ಮದ ಹೊಪ್ಪಳೆಯನ್ನು, ಮಲವನ್ನೂ ಸಹ, ಗುಳಿಗೆ ಮಾಡಿ ನುಂಗಿದವರಿದ್ದರು! ಯಾರಿಗೂ ರೋಗ ಬರಲಿಲ್ಲ. ಅರ್ಥಶಾಸ್ತ್ರಜ್ಞ ಎಡ್ಗರ್ ಸಿಡೆನ್‌ಸ್ಟ್ರಿಕರ್ ಜೊತೆ ಸೇರಿ ದಕ್ಷಿಣ ಕ್ಯಾರೊಲಿನಾದ ಗಿರಣಿ ಊರುಗಳಲ್ಲಿ ಮನೆಮನೆಯ ಪಗಾರ, ದಿನಸಿಯ ಲೆಕ್ಕ ತೆಗೆದು, ಆದಾಯ ಕಡಿಮೆಯಾದಷ್ಟೂ ರೋಗ ಹೆಚ್ಚು ಎಂದು ತೋರಿಸಿದ. ಬಡತನವೇ ರೋಗ ಎಂದು ಒಪ್ಪಿಕೊಳ್ಳುವುದು ಅಲ್ಲಿಯ ಜಮೀನುದಾರರಿಗೆ, ರಾಜಕಾರಣಿಗಳಿಗೆ ಬೇಕಿರಲಿಲ್ಲ. ಬ್ರೂವರ್ಸ್ ಯೀಸ್ಟಿನಿಂದ ರೋಗ ಗುಣವಾಗುವುದನ್ನು ಕಂಡುಕೊಂಡ ಗೋಲ್ಡ್‌ಬರ್ಗರ್, ಅದರಲ್ಲಿ ಇರುವ ವಸ್ತು ಯಾವುದೆಂದು ತಿಳಿಯುವ ಮೊದಲೇ 1929ರಲ್ಲಿ ತೀರಿಕೊಂಡ.

ಆ ವಸ್ತು ಎಲ್ಲಿತ್ತು ಗೊತ್ತೆ? ರಸಾಯನಶಾಸ್ತ್ರಜ್ಞರ ಕಪಾಟಿನಲ್ಲಿ, 1870ರ ದಶಕದಿಂದಲೂ! ತಂಬಾಕಿನ ನಿಕೋಟಿನಿನಿಂದ ತಯಾರಿಸಿದ್ದ ನಿಕೋಟಿನಿಕ್ ಆಮ್ಲ ಅದು. 1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಹೆಮ್ ಇದನ್ನು ಕೊಟ್ಟು ನಾಯಿಗಳ ‘ಕಪ್ಪು ನಾಲಿಗೆ’ ರೋಗವನ್ನು ಗುಣಪಡಿಸಿದ. ಅದು ನಾಯಿಗಳ ಪೆಲ್ಲಾಗ್ರಾ. ಬೇಗನೆ ಮನುಷ್ಯರಿಗೂ ಕೊಟ್ಟು ನೋಡಿದರು, ಸಾಯುವ ಸ್ಥಿತಿಯಲ್ಲಿದ್ದವರು ಎದ್ದು ಕುಳಿತರು. ರೊಟ್ಟಿಗೆ, ಹಿಟ್ಟಿಗೆ ಇದನ್ನು ಬೆರೆಸುವ ಹೊತ್ತಿಗೆ ಜನ ತಂಬಾಕಿನ ವಿಷವೆಂದು ಹೆದರಬಾರದೆಂದು ‘ನಿಯಾಸಿನ್’ ಎಂಬ ಹೊಸ ಹೆಸರು ಕೊಟ್ಟರು. ನಿಕೋಟಿನಿಕ್ ಆಮ್ಲ ಹೆಚ್ಚಾದರೆ ಮುಖವೆಲ್ಲ ಕೆಂಪಗಾಗಿ ಉರಿಯುತ್ತದೆ. ಅದರದೇ ಇನ್ನೊಂದು ರೂಪಕ್ಕೆ ಆ ದೋಷವಿಲ್ಲ. ಆ ರೂಪವೇ ನಿಯಾಸಿನಮೈಡ್.

ಈಗ ನಮ್ಮ ಕಡೆ ಬರೋಣ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮ್ಯಾಕ್ಯಾರಿಸನ್ ಒಂದೇ ಕೋಣೆಯಲ್ಲಿ ಶುರುಮಾಡಿದ ಆಹಾರ ಸಂಶೋಧನೆಯ ಕೆಲಸ ಮುಂದೆ ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ಅಲ್ಲಿಯ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಒಂದು ವಿಚಿತ್ರವನ್ನು ಕಂಡರು. ದಖ್ಖನ್ ಪ್ರಸ್ಥಭೂಮಿಯ ಬಡ ಕೂಲಿಕಾರರಲ್ಲಿ ಪೆಲ್ಲಾಗ್ರಾ ಇತ್ತು. ಆದರೆ ಇವರು ಗೋವಿನಜೋಳ ತಿನ್ನುವವರಲ್ಲ, ಬಿಳಿಜೋಳ ತಿನ್ನುವವರು! ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೊ ಆಮ್ಲ ಹೆಚ್ಚು, ಅದು ಶರೀರದಲ್ಲಿ ಬಿ3 ತಯಾರಾಗುವ ಕೆಲಸಕ್ಕೆ ಅಡ್ಡಬರುತ್ತದೆ ಎಂದು ಅವರು 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಮುಂದೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಈ ಲ್ಯೂಸಿನ್ ಸಿದ್ಧಾಂತ ಎಲ್ಲ ಕಡೆಗೂ ಸರಿಬರಲಿಲ್ಲ. ವಿದ್ವಾಂಸರ ವಾದ ಏನೇ ಇರಲಿ, ರೋಗಿಗಳು ನಿಜ, ಅವರ ಕುತ್ತಿಗೆಯ ಮೇಲಿನ ಸರ ನಿಜ.

ಇದನ್ನು ಓದಿ ಯಾರೂ ಜೋಳದ ರೊಟ್ಟಿ ಬಿಡಬೇಕಾಗಿಲ್ಲ, ಅಕ್ಕಲಕೋಟ-ಜತ್ತದ ಕಡೆಯ ನಾವಂತೂ ಬಿಡುವವರಲ್ಲ. ದೋಷ ಜೋಳದ್ದಲ್ಲ, ಬರೀ ಜೋಳದ್ದು. ರೊಟ್ಟಿಯ ಜೊತೆ ಬೇಳೆ, ಮೊಸರು, ಕಾಳುಪಲ್ಯೆ, ತತ್ತಿ ಇದ್ದವರಿಗೆ ಪೆಲ್ಲಾಗ್ರಾ ಬರಲಿಲ್ಲ. ಶೇಂಗಾದಲ್ಲಿ ಬಿ3 ಧಾರಾಳವಾಗಿದೆ. ಸೋಲಾಪುರದ ಶೇಂಗಾ ಚಟ್ನಿಯನ್ನು ಕಂಡುಹಿಡಿದ ಅಜ್ಜಿ ಯಾರೋ, ಆಕೆಗೆ ನಿಯಾಸಿನಮೈಡ್ ಎಂಬ ಹೆಸರು ಗೊತ್ತಿರಲಿಲ್ಲ. ಕೆಲಸ ಮಾತ್ರ ಮಾಡಿಟ್ಟಳು.

ಹೊಟ್ಟೆಗೆ ತಿನ್ನುವ ಈ ವಸ್ತು ಮುಖಕ್ಕೆ ಹಚ್ಚುವ ವಸ್ತುವಾದದ್ದು ಇತ್ತೀಚೆಗೆ. ಭಾರತದಲ್ಲಿ 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ ಕ್ರೀಮಿನ ಮುಖ್ಯ ದ್ರವ್ಯ ಇದೇ. ಬೆಳ್ಳಗಿದ್ದರೆ ನೌಕರಿ, ಬೆಳ್ಳಗಿದ್ದರೆ ಮದುವೆ ಎಂದು ಅದರ ಜಾಹೀರಾತುಗಳು ಎರಡು ಮೂರು ತಲೆಮಾರಿಗೆ ಹೇಳಿಕೊಟ್ಟವು. 2020ರಲ್ಲಿ ಆ ಹೆಸರು ‘ಗ್ಲೋ ಅಂಡ್ ಲವ್ಲಿ’ ಎಂದಾಯಿತು. ವಿಜ್ಞಾನ ಹೇಳುವುದು ಬಹಳ ಚಿಕ್ಕ ಮಾತು. ಚರ್ಮದ ಬಣ್ಣದ ಕಣಗಳು ಅವು ತಯಾರಾಗುವ ಕೋಶದಿಂದ ಮೇಲಿನ ಕೋಶಗಳಿಗೆ ಸಾಗುವುದನ್ನು ನಿಯಾಸಿನಮೈಡ್ ಸ್ವಲ್ಪ ತಡೆಯುತ್ತದೆ ಎಂದು 2002ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅದರಿಂದ ಕಲೆಗಳು ತಿಳಿಯಾಗಬಹುದು. ಹುಟ್ಟಿನಿಂದ ಬಂದ ಬಣ್ಣ ಬದಲಾಗುವುದಿಲ್ಲ, ಹಚ್ಚುವುದನ್ನು ಬಿಟ್ಟರೆ ಪರಿಣಾಮವೂ ನಿಲ್ಲುತ್ತದೆ. ಇದಲ್ಲದೆ ಚರ್ಮದ ಹೊರಪದರವನ್ನು ಗಟ್ಟಿ ಮಾಡುತ್ತದೆ, ಜಿಡ್ಡನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಹಾಗಾಗಿ ಎಣ್ಣೆಚರ್ಮ, ಒಣಚರ್ಮ, ಎರಡೂ ಬೆರೆತ ಚರ್ಮ ಎಲ್ಲದಕ್ಕೂ ಸಾಮಾನ್ಯವಾಗಿ ಹೊಂದುತ್ತದೆ. ಅಧ್ಯಯನಗಳು ನಡೆದದ್ದು ಹೆಚ್ಚಾಗಿ ನೂರಕ್ಕೆ ಎರಡರಿಂದ ಐದರ ಪ್ರಮಾಣದಲ್ಲಿ. ಅಂಗಡಿಯಲ್ಲಿ ಹತ್ತು ಇರುವುದನ್ನು ಮಾರುತ್ತಾರೆ, ಹೆಚ್ಚು ಇದ್ದರೆ ಹೆಚ್ಚು ಒಳ್ಳೆಯದೆಂದು ಮಕ್ಕಳು ತಿಳಿಯುತ್ತಾರೆ. ಸೂಕ್ಷ್ಮ ಚರ್ಮದವರಿಗೆ ಹತ್ತು ಉರಿಯಬಹುದು. ಉಪ್ಪಿನ ಲೆಕ್ಕವೇ ಇದಕ್ಕೂ.

ಎರಡನೆಯ ಕಥೆ ಜೈಲಿನದು, ಇದನ್ನು ಹೇಳುವಾಗ ನಮಗೆ ಸಂಕಟವಾಗುತ್ತದೆ. ಜೀವಸತ್ವ ‘ಎ’ಯನ್ನು 1913ರಲ್ಲಿ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ ಬೆಣ್ಣೆ, ತತ್ತಿಯ ಹಳದಿಯಲ್ಲಿ ಗುರುತಿಸಿದರು (ಮತ್ತೆ ಅದೇ ವಿಸ್ಕಾನ್ಸಿನ್!). ಅದರ ಆಮ್ಲರೂಪವಾದ ಟ್ರೆಟಿನಾಯಿನ್ ಮೊಡವೆಗೆ ಔಷಧವೆಂದು ಅಮೆರಿಕದಲ್ಲಿ 1971ರಲ್ಲಿ ಒಪ್ಪಿಗೆ ಪಡೆಯಿತು. ಅದನ್ನು ಬೆಳಕಿಗೆ ತಂದವರಲ್ಲಿ ಮುಖ್ಯ ಹೆಸರು ಫಿಲಡೆಲ್ಫಿಯಾದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್. 1951ರಿಂದ 1974ರವರೆಗೆ ಈತ ಆ ಊರಿನ ಹೋಮ್ಸ್‌ಬರ್ಗ್ ಜೈಲಿನಲ್ಲಿ ಕೈದಿಗಳ ಬೆನ್ನು, ತೋಳುಗಳ ಮೇಲೆ ಔಷಧ, ಸೌಂದರ್ಯ ಸಾಮಗ್ರಿ, ರಾಸಾಯನಿಕಗಳನ್ನು ಹಚ್ಚಿ ಪರೀಕ್ಷಿಸಿದ. ಡಯಾಕ್ಸಿನ್‌ನಂಥ ವಿಷವನ್ನೂ ಬಿಡಲಿಲ್ಲ. ಕೈದಿಗಳಲ್ಲಿ ಹೆಚ್ಚಿನವರು ಕರಿಯರು, ಎಷ್ಟೋ ಜನ ಇನ್ನೂ ವಿಚಾರಣೆಯೇ ಮುಗಿಯದವರು, ಜಾಮೀನಿನ ಹಣಕ್ಕಾಗಿ ಕೆಲವು ಡಾಲರಿಗೆ ಚರ್ಮ ಒಡ್ಡಿದವರು. ತಮಗೆ ಏನು ಹಚ್ಚುತ್ತಿದ್ದಾರೆಂದು ಅವರಿಗೆ ಸರಿಯಾಗಿ ಹೇಳುತ್ತಿರಲಿಲ್ಲ. 1998ರಲ್ಲಿ ಅಲೆನ್ ಹಾರ್ನ್‌ಬ್ಲಮ್ ಇದರ ಬಗ್ಗೆ ಪುಸ್ತಕ ಬರೆದ ಮೇಲೆ ವಿಷಯ ದೊಡ್ಡದಾಯಿತು. 2021ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ, 2022ರಲ್ಲಿ ಫಿಲಡೆಲ್ಫಿಯಾ ನಗರಾಡಳಿತ ಕ್ಷಮೆ ಕೇಳಿದವು. ಕ್ಲಿಗ್‌ಮನ್ 2010ರಲ್ಲೇ ತೀರಿಕೊಂಡಿದ್ದ.

ಗೋಲ್ಡ್‌ಬರ್ಗರನೂ ಕೈದಿಗಳ ಮೇಲೆ ಪ್ರಯೋಗ ಮಾಡಿದವನೇ ಎಂದು ಜಾಣ ವಿದ್ಯಾರ್ಥಿಗಳು ಕೇಳಬಹುದು. ಕೇಳಬೇಕು. ಬಿಡುಗಡೆಯ ಆಸೆ ತೋರಿಸಿ ಪಡೆದ ಒಪ್ಪಿಗೆ ಪೂರ್ತಿ ಒಪ್ಪಿಗೆಯಲ್ಲ, ಇಂದಿನ ನಿಯಮದಲ್ಲಿ ಅದು ನಡೆಯುವುದೂ ಇಲ್ಲ. ಆದರೆ ಆತ ರೋಗಿಗಳ ಹೊಪ್ಪಳೆಯನ್ನು ತಾನೂ ನುಂಗಿದ. ನಮ್ಮ ಅಭಿಪ್ರಾಯದಲ್ಲಿ ಈ ಇಬ್ಬರನ್ನು ಒಂದೇ ತಕ್ಕಡಿಗೆ ಹಾಕಲಾಗದು.

ಶೀಶೆಯ ಮೇಲೆ ಇರುವ ‘ರೆಟಿನಾಲ್’ ಈ ಟ್ರೆಟಿನಾಯಿನ್ನಿನ ಸೌಮ್ಯ ತಮ್ಮ. ಚರ್ಮದೊಳಗೆ ಹೋಗಿ ಸ್ವಲ್ಪ ಸ್ವಲ್ಪವಾಗಿ ಆಮ್ಲರೂಪಕ್ಕೆ ತಿರುಗುತ್ತದೆ. ಬಿಸಿಲಿನಿಂದ ಬಂದ ಸುಕ್ಕು, ಮೊಡವೆಗೆ ಉಪಯೋಗವುಂಟು. ಆದರೆ ಚರ್ಮ ಒಣಗಿ ಸಿಪ್ಪೆ ಏಳುತ್ತದೆ, ಉರಿಯುತ್ತದೆ. ರಾತ್ರಿ ಮಾತ್ರ ಹಚ್ಚುವಂಥದ್ದು. ಒಣಚರ್ಮ, ಸೂಕ್ಷ್ಮ ಚರ್ಮದವರು ದೂರವಿರುವುದೇ ವಾಸಿ. ಬಸುರಿಯರು, ಬಸಿರಾಗುವ ಯೋಚನೆಯಲ್ಲಿರುವವರು ಹಚ್ಚಲೇಬಾರದೆಂದು ವೈದ್ಯರು ಹೇಳುತ್ತಾರೆ. ಹದಿನಾಲ್ಕು ವರ್ಷದವರಿಗೆ ಸುಕ್ಕಿನ ಔಷಧ ಏಕೆ ಬೇಕೆಂದು ನಮಗಂತೂ ತಿಳಿಯದು.

ಉಳಿದವನ್ನು ಬೇಗ ಮುಗಿಸೋಣ. ಸ್ಯಾಲಿಸಿಲಿಕ್ ಆಮ್ಲದ ಮೂಲ ವಿಲ್ಲೋ ಮರದ ತೊಗಟೆ. ಜ್ವರಕ್ಕೆ ಅದು ಒಳ್ಳೆಯದೆಂದು ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಆಸ್ಪಿರಿನ್ ಹುಟ್ಟಿದ್ದೂ ಇದೇ ಮನೆತನದಲ್ಲಿ. ನೀಲಗಿರಿಯಲ್ಲಿ ಮೈಕೈ ನೋವಿಗೆ ತಿಕ್ಕುವ ವಿಂಟರ್‌ಗ್ರೀನ್ ಎಣ್ಣೆಯಲ್ಲಿ ಇದರ ಬಂಧುವೇ ಇದೆ. ಇದು ಎಣ್ಣೆಯಲ್ಲಿ ಬೆರೆಯುವ ಗುಣದ್ದು, ಹಾಗಾಗಿ ಜಿಡ್ಡು ತುಂಬಿದ ರಂಧ್ರದೊಳಕ್ಕೆ ಇಳಿಯುತ್ತದೆ. ಎಣ್ಣೆಚರ್ಮ, ಕರಿತಲೆ ಮೊಡವೆಯವರಿಗೆ ಸರಿ, ಒಣಚರ್ಮದವರಿಗೆ ಬೇಡ. ಆಸ್ಪಿರಿನ್ ಆಗದವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಹೈಲುರಾನಿಕ್ ಆಮ್ಲವನ್ನು 1934ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಲ್ ಮೇಯರ್, ಜಾನ್ ಪಾಮರ್ ಬೇರ್ಪಡಿಸಿದ್ದು ದನದ ಕಣ್ಣಿನೊಳಗಿನ ಲೋಳೆಯಿಂದ. ಮುಂದೆ ಹುಂಜದ ಜುಟ್ಟಿನಿಂದ ತೆಗೆದರು, ಈಗ ಹೆಚ್ಚಾಗಿ ಬ್ಯಾಕ್ಟೀರಿಯಾ ಬೆಳೆಸಿ ತಯಾರಿಸುತ್ತಾರೆ. (ಸಸ್ಯಾಹಾರಿ ಮನೆಯವರು ಗಾಬರಿಯಾಗಬೇಡಿ.) ನೀರು ಹಿಡಿದಿಡುವುದೇ ಇದರ ಕೆಲಸ, ಒಣಚರ್ಮಕ್ಕೆ ಹಿತ. ಆದರೆ ಸೋಲಾಪುರದ ಏಪ್ರಿಲ್ ತಿಂಗಳ ಒಣಗಾಳಿಯಲ್ಲಿ ಇದನ್ನೊಂದೇ ಹಚ್ಚಿದರೆ ಸಾಲದು. ಮುಖ ತೊಳೆದು ಒದ್ದೆ ಇರುವಾಗಲೇ ಹಚ್ಚಿ, ಮೇಲೆ ಯಾವುದಾದರೂ ಸಾದಾ ಕ್ರೀಮು ಸವರಬೇಕು.

ಜೀವಸತ್ವ ‘ಸಿ’ಯ ಕಥೆ ಮಕ್ಕಳಿಗೆ ಇಷ್ಟವಾಗುತ್ತದೆ. ಹಂಗೇರಿಯ ಸೆಂಟ್ ಡ್ಯೋರ್ಡಿ 1928ರಲ್ಲಿ ಈ ವಸ್ತುವನ್ನು ಬೇರ್ಪಡಿಸಿದಾಗ ಅದೇನೆಂದು ಗೊತ್ತಾಗದೆ ‘ನನಗೆ ಗೊತ್ತಿಲ್ಲದ ಸಕ್ಕರೆ’ ಎಂಬರ್ಥದ ಹೆಸರಿಟ್ಟ. ಸಂಪಾದಕರು ಸಿಟ್ಟಾದರು. ಹಾಗಾದರೆ ‘ದೇವರಿಗೇ ಗೊತ್ತಿರುವ ಸಕ್ಕರೆ’ ಎಂದು ಇಡಿ ಎಂದನಂತೆ! ಮುಂದೆ ತನ್ನೂರಿನ ಕೆಂಪು ಮೆಣಸಿನಕಾಯಿಯಿಂದ ಅದನ್ನು ರಾಶಿಗಟ್ಟಲೆ ತೆಗೆದ, 1937ರಲ್ಲಿ ನೊಬೆಲ್ ಬಂತು. ಮುಖಕ್ಕೆ ಹಚ್ಚುವ ಸಿ ಬಿಸಿಲಿನ ಕೆಡುಕನ್ನು ಸ್ವಲ್ಪ ತಡೆಯುತ್ತದೆ. ತೊಂದರೆಯೆಂದರೆ ಗಾಳಿ, ಬೆಳಕು, ಸೆಕೆ ತಾಗಿದರೆ ಕೆಡುತ್ತದೆ. ಶೀಶೆಯೊಳಗಿನದು ಕಂದು ಬಣ್ಣಕ್ಕೆ ತಿರುಗಿದ್ದರೆ ದುಡ್ಡು ಹೋಯಿತೆಂದೇ ಲೆಕ್ಕ. ಹುಳಿ ಹೆಚ್ಚಾದ್ದರಿಂದ ಸೂಕ್ಷ್ಮ ಚರ್ಮಕ್ಕೆ ಉರಿಯುತ್ತದೆ.

ಹಾಗಾದರೆ ಚರ್ಮದ ಜಾತಿಗಳು ಎಲ್ಲಿಂದ ಬಂದವು? ಒಣ, ಎಣ್ಣೆ, ಸಾಮಾನ್ಯ ಎಂಬ ವಿಭಾಗ ಶತಮಾನದ ಹಿಂದೆ ಸೌಂದರ್ಯ ಸಾಮಗ್ರಿ ಮಾರುತ್ತಿದ್ದ ಹೆಲೆನಾ ರೂಬಿನ್‌ಸ್ಟೈನ್ ಜನಪ್ರಿಯಗೊಳಿಸಿದ್ದು. ಅಂದರೆ ಅದು ಹುಟ್ಟಿದ್ದು ಅಂಗಡಿಯಲ್ಲಿ. ವೈದ್ಯರದು ಬೇರೆಯೇ ಇದೆ. 1975ರಲ್ಲಿ ಹಾರ್ವರ್ಡಿನ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ನೇರಳಾತೀತ ಕಿರಣದ ಚಿಕಿತ್ಸೆಗೆ ಪ್ರಮಾಣ ನಿಗದಿಪಡಿಸಲು, ಬಿಸಿಲಿಗೆ ಚರ್ಮ ಸುಡುತ್ತದೆಯೋ ಕಪ್ಪಾಗುತ್ತದೆಯೋ ಎಂದು ಕೇಳಿ ನಾಲ್ಕು ವರ್ಗ ಮಾಡಿದ. ಆ ನಾಲ್ಕೂ ಬಿಳಿಯರಿಗೆ. ನಮ್ಮಂಥ ಕಂದು ಬಣ್ಣದವರು, ಕಪ್ಪು ಬಣ್ಣದವರು ಐದು, ಆರು ಎಂದು ಆಮೇಲೆ ಸೇರಿದವರು! ಇಂದು ಭಾರತೀಯರಲ್ಲಿ ಹೆಚ್ಚಿನವರು ನಾಲ್ಕು, ಐದರಲ್ಲಿ ಬರುತ್ತಾರೆ.

ಇದು ಬರೀ ಲೆಕ್ಕದ ಮಾತಲ್ಲ. ನಮ್ಮಂಥ ಚರ್ಮಕ್ಕೆ ಉರಿ, ಗಾಯ, ಮೊಡವೆ ಏನೇ ಆದರೂ ಮಾಸುವಾಗ ಕಪ್ಪು ಕಲೆ ಬಿಟ್ಟು ಹೋಗುತ್ತದೆ, ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಬಿಳಿಯ ಹುಡುಗಿಗೆ ಎರಡು ದಿನ ಕೆಂಪಗಾಗಿ ಸರಿಯಾಗುವ ಆಮ್ಲ ನಮ್ಮ ಹುಡುಗಿಗೆ ಆರು ತಿಂಗಳ ಕಲೆಯಾಗಬಹುದು. ಕಲೆ ಹೋಗಲೆಂದು ಹಚ್ಚಿದ್ದರಿಂದಲೇ ಕಲೆ. ಹಾಗಾಗಿ ನಮಗೆ ಮುಖ್ಯ ಪ್ರಶ್ನೆ ಒಣವೋ ಎಣ್ಣೆಯೋ ಎಂಬುದಷ್ಟೇ ಅಲ್ಲ, ಉರಿಯುತ್ತದೆಯೋ ಇಲ್ಲವೋ ಎಂಬುದು. ಹೊಸದು ಯಾವುದನ್ನೇ ತಂದರೂ ಮೊದಲು ಮೊಣಕೈ ಒಳಮಗ್ಗುಲಿಗೆ ಒಂದು ವಾರ ಹಚ್ಚಿ ನೋಡುವುದು, ಒಂದು ಸಲಕ್ಕೆ ಒಂದೇ ದ್ರವ್ಯ, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನು ಅಥವಾ ತಲೆಯ ಮೇಲೆ ಸೆರಗು, ಕೊಡೆ.

“ಸರ, ಇದು ಹಚ್ಚಿದ್ರ ಮಾರಿ ಬೆಳ್ಳಗ ಆಗ್ತದೇನ್ರಿ?” ಎಂದು ಮಕ್ಕಳು ತೋರಿಸುವುದು ಎಲ್ಲ ಸಲವೂ ಸೀರಮ್ಮಲ್ಲ. ಸೀರಮ್ಮಿಗೆ ಐದು ನೂರು ರೂಪಾಯಿ ಇಲ್ಲದ ಮನೆಯಲ್ಲಿ ಮೆಡಿಕಲ್ಲಿನಿಂದ ತಂದ ಅಗ್ಗದ ಟ್ಯೂಬು ಇರುತ್ತದೆ. ನಮ್ಮ ಚಿಂತೆ ಅದು. ಇದರ ಮೂಲವೂ ಕ್ಲಿಗ್‌ಮನ್ನನೇ. 1975ರಲ್ಲಿ ಆತ ಮತ್ತು ವಿಲ್ಲಿಸ್ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಸ್ಟೆರಾಯ್ಡ್ ಮೂರನ್ನೂ ಬೆರೆಸಿ ಬಣ್ಣ ತಿಳಿಯಾಗಿಸುವ ಲೇಪ ಮಾಡಿದರು. ವೈದ್ಯರ ಕಣ್ಣೆದುರು, ಕೆಲವು ವಾರಗಳ ಮಟ್ಟಿಗೆ ಬಂಗಿನಂಥ ಕಲೆಗೆ ಅದು ಔಷಧ. ಭಾರತದಲ್ಲಿ ಅದೇ ಬಗೆಯ ಟ್ಯೂಬುಗಳನ್ನು ಬೆಳ್ಳಗಾಗುವ ಕ್ರೀಮೆಂದು ಚೀಟಿಯಿಲ್ಲದೆ ಮಾರಿದರು, ಜನ ವರ್ಷಗಟ್ಟಲೆ ಹಚ್ಚಿದರು. ಮೊದಲು ನಿಜಕ್ಕೂ ಬೆಳ್ಳಗಾಗುತ್ತದೆ, ಅದೇ ಮೋಸ. ಆಮೇಲೆ ಚರ್ಮ ಕಾಗದದಷ್ಟು ತೆಳುವಾಗುತ್ತದೆ, ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಹುಡುಗಿಯರ ಗಲ್ಲದ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಉರಿ ತಡೆಯಲಾಗದು, ಅದಕ್ಕೇ ಮತ್ತೆ ಹಚ್ಚುತ್ತಾರೆ. ನಮ್ಮ ದೇಶದ ಚರ್ಮತಜ್ಞರು ಇದಕ್ಕೆ ‘ಸ್ಟೆರಾಯ್ಡಿನಿಂದ ಕೆಟ್ಟ ಮುಖ’ ಎಂಬರ್ಥದ ಹೆಸರನ್ನೇ ಇಟ್ಟು, 2011ರಲ್ಲಿ ಹಲವು ಊರುಗಳ ರೋಗಿಗಳ ಅಧ್ಯಯನ ಪ್ರಕಟಿಸಿದರು. ಅವರ ಒತ್ತಾಯದ ಮೇಲೆ ಕೇಂದ್ರ ಸರಕಾರ 2018ರಲ್ಲಿ ಚರ್ಮಕ್ಕೆ ಹಚ್ಚುವ ಸ್ಟೆರಾಯ್ಡುಗಳನ್ನು ವೈದ್ಯರ ಚೀಟಿ ಬೇಕೇಬೇಕೆಂಬ ಪಟ್ಟಿಗೆ ಸೇರಿಸಿತು.

ಕಾಯ್ದೆ ಬಂದರೂ ಟ್ಯೂಬು ಮನೆಗಳಲ್ಲಿ ಇದೆ. ಪಾಲಕರೆ, ಡಬ್ಬಿಯ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಫ್ಲೂಸಿನೊಲೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದೆಯೇ ನೋಡಿರಿ. ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿರಿ, ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಅವರಿಗೆ ಬರುತ್ತದೆ. ಇದ್ದರೆ ಬೈಯಬೇಡಿರಿ, ಟ್ಯೂಬನ್ನು ಒಮ್ಮೆಲೇ ಕಸದ ಬುಟ್ಟಿಗೂ ಎಸೆಯಬೇಡಿರಿ. ಬಹಳ ದಿನ ಹಚ್ಚಿದ್ದನ್ನು ಹೇಗೆ ಬಿಡಿಸಬೇಕೆಂದು ವೈದ್ಯರೇ ಹೇಳಬೇಕು, ಅವರಿಗೆ ಆ ಟ್ಯೂಬನ್ನು ತೋರಿಸಬೇಕಾಗುತ್ತದೆ. ಜಿಲ್ಲಾಸ್ಥಳದ ಸರಕಾರಿ ದವಾಖಾನೆಯ ಚರ್ಮರೋಗ ವಿಭಾಗಕ್ಕೆ ಅದನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿರಿ.